ನೇಪಲ್ಸಿನ ಮತ್ಸ್ಯಾಲಯ

ಇಟಲಿ ದೇಶದ ನೇಪಲ್ಸ್ ನಗರದ ಕಡಲತೀರದ ಉದ್ಯಾನದಲ್ಲಿ ಒಂದು ಭವ್ಯವಾದ ಕಟ್ಟಡವಿದೆ. 1874ರ ಜನವರಿಯಲ್ಲಿ ಅದರ ಕೆಳ ಅಂತಸ್ತಿನ ಮತ್ಸ್ಯಾಲಯವು ಸಾರ್ವಜನಿಕರಿಗೆ ತೆರೆಯಿತು. ಕಡಲಿನಿಂದ ತಂದ ನೀರಿನಲ್ಲಿ, ಗಾಜಿನ ಆಚೆ, ಅದೇ ಕೊಲ್ಲಿಯ ಮೀನುಗಳೂ ಎಂಟು ತೋಳುಗಳ ಅಷ್ಟಪದಿಗಳೂ ಜೀವಂತವಾಗಿ ಚಲಿಸುವುದನ್ನು ಕಂಡು ಜನರು ಬೆರಗಾದರು. ಆದರೆ ಕೇವಲ ಮನರಂಜನೆಗಾಗಿ ಹುಟ್ಟಿದ ಸಂಸ್ಥೆ ಅದಲ್ಲ.

ಅದರ ಸ್ಥಾಪಕ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಆಂಟನ್ ಡೋರ್ನ್. 1868ರಲ್ಲಿ ಅವನು ಸಿಸಿಲಿಯ ಮೆಸ್ಸೀನಾ ಪಟ್ಟಣಕ್ಕೆ ಕಡಲಜೀವಿಗಳ ಅಭ್ಯಾಸಕ್ಕಾಗಿ ಹೋಗಿದ್ದನು. ಅಂದಿನ ಸಂಶೋಧಕರ ಪಾಡು ಕಷ್ಟಕರವಾದುದು. ಸೂಕ್ಷ್ಮದರ್ಶಕ, ಗ್ರಂಥ, ರಾಸಾಯನಿಕಗಳನ್ನೆಲ್ಲ ತಾವೇ ಹೊತ್ತೊಯ್ಯಬೇಕು. ಬಾಡಿಗೆಯ ಕೋಣೆಯಲ್ಲಿ ಕುಳಿತು, ಹಿಡಿದ ಜೀವಿಗಳು ಸಾಯುವ ಮೊದಲೇ ಅವನ್ನು ಪರೀಕ್ಷಿಸಬೇಕು. ವಿಜ್ಞಾನಿಯು ಬರಿಗೈಯಲ್ಲಿ ಬಂದರೂ ಎಲ್ಲವೂ ಸಿದ್ಧವಾಗಿರುವಂಥ ಮನೆಯೊಂದು ಕಡಲತಡಿಯಲ್ಲಿ ಏಕಿರಬಾರದು? ಈ ಯೋಚನೆಯೇ ಡೋರ್ನನ ಬಾಳಿನ ಗುರಿಯಾಯಿತು.

ಹಣವೇ ದೊಡ್ಡ ಸಮಸ್ಯೆ. ಪ್ರವಾಸಿಗಳು ತುಂಬಿದ ನೇಪಲ್ಸಿನಲ್ಲಿ ಕೆಳಗೆ ಮತ್ಸ್ಯಾಲಯ, ಮೇಲೆ ಪ್ರಯೋಗಾಲಯ. ನೋಡುವವರ ಪ್ರವೇಶಧನದಿಂದ ಸಂಶೋಧನೆಯ ವೆಚ್ಚವೆಂದು ಅವನು ಯೋಜಿಸಿದನು. ನಗರಸಭೆ ನಿವೇಶನ ನೀಡಿತು; ಚಾರ್ಲ್ಸ್ ಡಾರ್ವಿನ್ ನೆರವಾದನು; ಡೋರ್ನನು ಮನೆಯ ಆಸ್ತಿಯನ್ನೂ ತೊಡಗಿಸಿದನು. ಆದರೂ ಪ್ರವೇಶಧನ ಸಾಲದಾಯಿತು. ಆಗ ಅವನು ‘ಮೇಜು’ಗಳನ್ನು ಬಾಡಿಗೆಗೆ ಕೊಡುವ ಪದ್ಧತಿಯನ್ನು ತಂದನು. ಸರ್ಕಾರಗಳೂ ವಿಶ್ವವಿದ್ಯಾಲಯಗಳೂ ವರ್ಷಕ್ಕೊಮ್ಮೆ ಹಣ ತೆತ್ತು ತಮ್ಮ ವಿಜ್ಞಾನಿಗಳನ್ನು ಅಲ್ಲಿಗೆ ಕಳುಹಿಸಿದವು. ಬೇಕಾದ ಜೀವಿಗಳು ಮೇಜಿಗೇ ಬರುತ್ತಿದ್ದವು. 1909ರಲ್ಲಿ ಡೋರ್ನನು ತೀರಿಕೊಳ್ಳುವ ವೇಳೆಗೆ 2,000ಕ್ಕೂ ಹೆಚ್ಚು ವಿಜ್ಞಾನಿಗಳು ಅಲ್ಲಿ ದುಡಿದಿದ್ದರು.

ಮೈತುಂಬ ಮುಳ್ಳುಗಳುಳ್ಳ ‘ಸೀ ಅರ್ಚಿನ್’ ಎಂಬ ಕಡಲಜೀವಿಯ ಮೊಟ್ಟೆಗಳು ಕಡಲನೀರಿನಲ್ಲೇ ಫಲಿಸಿ ಬೆಳೆಯುತ್ತವೆ. ಆ ಬೆಳವಣಿಗೆಯನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಇವುಗಳನ್ನು ಅಭ್ಯಸಿಸಿದ ಥಿಯೊಡೋರ್ ಬೊವೇರಿ, ವರ್ಣತಂತುಗಳು ಒಂದರಂತೆ ಮತ್ತೊಂದಿಲ್ಲ, ಸರಿಯಾದ ಬೆಳವಣಿಗೆಗೆ ಅವುಗಳ ಪೂರ್ಣ ಗುಂಪೇ ಬೇಕು ಎಂದು 1902ರಲ್ಲಿ ತೋರಿಸಿಕೊಟ್ಟನು. ಅನುವಂಶೀಯತೆಯ ಶಾಸ್ತ್ರಕ್ಕೆ ಇದು ಭದ್ರವಾದ ತಳಹದಿಯಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಇಟಲಿ ಮತ್ತು ಜರ್ಮನಿಗಳು ಶತ್ರುಗಳಾದವು. ಸಂಸ್ಥೆ ಡೋರ್ನ್ ಮನೆತನದ ಕೈತಪ್ಪಿತು. 1924ರಲ್ಲಿ ಅವನ ಮಗ ರೈನ್‌ಹಾರ್ಡನು ಅದರ ಆಡಳಿತವನ್ನು ಮರಳಿ ವಹಿಸಿಕೊಂಡನು. ಇಂದಿಗೂ ಅಲ್ಲಿ ಸಂಶೋಧನೆ ನಡೆಯುತ್ತಿದೆ.

ಗಾಜಿನ ಮುಂದೆ ನಿಂತು ಬೆರಗಾದ ಸಾಮಾನ್ಯನ ಕಾಸೂ ಜ್ಞಾನದ ದೀಪಕ್ಕೆ ಎಣ್ಣೆಯಾಗಬಲ್ಲದು. ಅದನ್ನು ಮೊದಲೇ ಕಂಡದ್ದು ಡೋರ್ನನ ಹಿರಿಮೆ.

ಪ್ರಶ್ನೆಗಳು
1. ಡೋರ್ನನ ಕಾಲದ ಸಂಶೋಧಕರಿಗೆ ಯಾವ ತೊಂದರೆಗಳಿದ್ದವು?
2. ‘ಮೇಜು’ಗಳ ಪದ್ಧತಿಯನ್ನು ವಿವರಿಸಿರಿ.