ಹಳೆಯ ಫೋಟೊ ಕರಡಿಗೆ: ಮುಚ್ಚಳದ ಚಿತ್ತಾರ ಓದುವ ಬಗೆ

ಅಂಗೈಯಗಲದ ಕರಡಿಗೆ. ಕಪ್ಪೋ ಕಂದೋ ಬಣ್ಣ, ಪಕ್ಕದಲ್ಲಿ ಪುಟ್ಟ ಹಿತ್ತಾಳೆ ಕೊಕ್ಕೆ, ಮುಚ್ಚಳದ ಮೇಲೆ ಉಬ್ಬಿ ನಿಂತ ಗುಲಾಬಿ, ಹೂಜಿ ಅಥವಾ ದ್ರಾಕ್ಷಿ ಗೊಂಚಲು. ತೆರೆದರೆ ಒಂದು ಬದಿಗೆ ಮಖಮಲ್ಲಿನ ಮೆತ್ತೆ. ಇನ್ನೊಂದು ಬದಿಗೆ ಗಾಜಿನ ಕೆಳಗೆ, ಹಿತ್ತಾಳೆಯ ಚೌಕಟ್ಟಿನೊಳಗೆ ನಗದೆ ಕೂತ ಒಂದು ಮುಖ. 1840ರಿಂದ 1865ರ ಸುಮಾರಿನವರೆಗೆ ಅಮೆರಿಕದಲ್ಲಿ ಫೋಟೊ ತೆಗೆಸಿಕೊಂಡವರು ಸ್ಟುಡಿಯೊದಿಂದ ಮನೆಗೆ ಒಯ್ಯುತ್ತಿದ್ದುದು ಹೆಚ್ಚಾಗಿ ಇಂಥ ಕರಡಿಗೆಯನ್ನೇ. ಆಗಿನ ಫೋಟೊ ಎಂದರೆ ಲೋಹದ ಅಥವಾ ಗಾಜಿನ ತಟ್ಟೆ. ಅದರಲ್ಲೂ ಡಗೆರೊಟೈಪ್ ಮೇಲೆ ಬೆರಳಾಡಿಸಿದರೆ ಸಾಕು, ಚಿತ್ರವೇ ಒರೆಸಿಹೋಗುತ್ತದೆ. ಹಾಗಾಗಿ ಗಾಜು, ಚೌಕಟ್ಟು, ಮುಚ್ಚಳ ಎಲ್ಲವೂ ಬೇಕಿದ್ದವು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಇವು ಹಳೆವಸ್ತು ಸಂತೆಗಳಲ್ಲಿ ಕಣ್ಣಿಗೆ ಬೀಳುತ್ತವೆ. ಮ್ಯಾಸಚುಸೆಟ್ಸ್‌ನ ಬ್ರಿಮ್‌ಫೀಲ್ಡ್‌ನಲ್ಲಿ ವರ್ಷಕ್ಕೆ ಮೂರು ಬಾರಿ ಸೇರುವ ದೊಡ್ಡ ಸಂತೆ ಅಂಥದ್ದೊಂದು ಜಾಗ. ಕರಡಿಗೆಯ ಜೊತೆಗೆ ಕತೆಯೂ ಮಾರಾಟಕ್ಕಿರುತ್ತದೆ. ಮುಚ್ಚಳದಲ್ಲಿ ಹೂಜಿ ಇದ್ದರೆ ‘ಸತ್ತವರ ಫೋಟೊ’, ಲಂಗರಿದ್ದರೆ ‘ನಾವಿಕನದು’, ಬಾವುಟವಿದ್ದರೆ ‘ಯುದ್ಧಕ್ಕೆ ಹೋದ ಯೋಧನದು’. ಇಂಥ ಮಾತನ್ನು ನಂಬಿ ದುಡ್ಡು ಬಿಚ್ಚುವ ಮೊದಲು ಒಂದು ಸಂಗತಿ ತಿಳಿದಿರಲಿ. ಕರಡಿಗೆ ತಯಾರಿಸುತ್ತಿದ್ದುದು ಬೇರೆ ಕಾರ್ಖಾನೆ. ಸ್ಟುಡಿಯೊದವರು ಅವನ್ನು ಸಗಟಿನಲ್ಲಿ ತರಿಸಿ ಇಟ್ಟುಕೊಳ್ಳುತ್ತಿದ್ದರು. ಫೋಟೊ ತೆಗೆಸಿಕೊಂಡವರು ಇದ್ದುದರಲ್ಲಿ ಕೈಗೆಟಕುವುದನ್ನು ಆರಿಸಿಕೊಳ್ಳುತ್ತಿದ್ದರು. ಆದ್ದರಿಂದ ಮುಚ್ಚಳದ ಚಿತ್ತಾರ ತನ್ನ ಕಾಲ, ತಯಾರಕ, ಆ ದಿನಗಳ ಅಭಿರುಚಿ ಇವುಗಳ ವಿಷಯದಲ್ಲಿ ನಂಬಿಕಸ್ಥ ಸಾಕ್ಷಿ. ಒಳಗೆ ಕೂತವರ ವಿಷಯದಲ್ಲಿ ತೀರ ದುರ್ಬಲ ಸಾಕ್ಷಿ. ಹೀಗಾಗಿ ಚಿಹ್ನೆಯ ಅರ್ಥ ಹುಡುಕುವ ಸರದಿ ಕೊನೆಗೆ ಬರಬೇಕು. ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ.

ಮೊದಲು ಒಳಗಿನ ಫೋಟೊ

ಕರಡಿಗೆಯನ್ನು ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಇಟ್ಟು, ಮುಚ್ಚಳ ತೆರೆದು, ನಿಧಾನವಾಗಿ ಅತ್ತಿತ್ತ ವಾಲಿಸಿ. ಒಂದು ಕೋನದಲ್ಲಿ ಮುಖ ಕಾಣಿಸಿ, ಇನ್ನೊಂದು ಕೋನದಲ್ಲಿ ಅದು ಮಾಯವಾಗಿ ನಿಮ್ಮ ಮುಖವೇ ಕನ್ನಡಿಯಲ್ಲಿ ಕಂಡಂತೆ ಕಂಡರೆ ಅದು ಡಗೆರೊಟೈಪ್. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡಿಸುವ ಈ ವಿಧಾನವನ್ನು ಪ್ಯಾರಿಸ್‌ನಲ್ಲಿ 1839ರಲ್ಲಿ ಬಹಿರಂಗಪಡಿಸಲಾಯಿತು. ಕನ್ನಡಿಯ ಹೊಳಪಿಲ್ಲದೆ, ಗಾಜಿನ ಹಿಂದೆ ಕಪ್ಪು ಹಿನ್ನೆಲೆ ಇಟ್ಟಂತೆ ಕಂಡರೆ ಆಂಬ್ರೊಟೈಪ್. ಅದು ಚಾಲ್ತಿಗೆ ಬಂದದ್ದು 1850ರ ದಶಕದ ನಡುವೆ. ಚಿಕ್ಕ ಅಯಸ್ಕಾಂತವನ್ನು ಗಾಜಿನ ಹತ್ತಿರ ಹಿಡಿದಾಗ ಸೆಳೆತ ಗೊತ್ತಾದರೆ ಅದು ಕಬ್ಬಿಣದ ತಗಡಿನ ಟಿನ್‌ಟೈಪ್. ಅದರ ಅಮೆರಿಕನ್ ಪೇಟೆಂಟ್ 1856ರದು. ಇಷ್ಟು ಗೊತ್ತಾದರೆ ಫೋಟೊ ಯಾವ ವರ್ಷಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ ಎಂಬ ಗೆರೆ ಸಿಕ್ಕಂತೆ.

ಹಿತ್ತಾಳೆ ಚೌಕಟ್ಟಿನತ್ತಲೂ ಕಣ್ಣು ಹಾಯಿಸಿ. 1840ರ ದಶಕದ ಆರಂಭದ ಚೌಕಟ್ಟುಗಳು ದಪ್ಪಗಿದ್ದು, ಅಂಡಾಕಾರ ಅಥವಾ ಅಷ್ಟಕೋನದ ಸರಳ ಕಿಂಡಿ ಹೊಂದಿರುತ್ತವೆ. ತೆಳು ಹಿತ್ತಾಳೆಯಲ್ಲಿ ಬಳ್ಳಿ, ಸುರುಳಿ ಒತ್ತಿದ ಸಿಂಗಾರದ ಚೌಕಟ್ಟು ಕಂಡರೆ 1850ರ ದಶಕದ ಕೊನೆ ಅಥವಾ ಅದರ ನಂತರದ್ದು ಎಂದುಕೊಳ್ಳಬಹುದು. ಗಾಜು, ಚೌಕಟ್ಟು, ಫೋಟೊ ಮೂರನ್ನೂ ಸುತ್ತಿ ಹಿಡಿಯುವ ತೆಳು ಹಿತ್ತಾಳೆಯ ಅಂಚುಪಟ್ಟಿ ಬಳಕೆಗೆ ಬಂದದ್ದು 1840ರ ದಶಕದ ಕೊನೆಗೆ.

ಕರಡಿಗೆ ಯಾವುದರದು?

ಮೂಲೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಸವೆದ ಮೂಲೆಯಲ್ಲಿ ಮರದ ಎಳೆ ಕಂಡರೆ ಅದು ಮರದ ಕರಡಿಗೆ. ಮೇಲೆ ಅಂಟಿಸಿದ್ದು ತೊಗಲು ಅಥವಾ ತೊಗಲಿನಂತೆ ಕಾಣುವ ಕಾಗದ. ಇದರ ಉಬ್ಬು ಮೃದು, ಆಳ ಕಡಿಮೆ. ಮೂಲೆ ಸವೆಯುವ ಬದಲು ಚೂರು ಎದ್ದು ಮುರಿದಿದ್ದರೆ, ಗೆರೆಗಳು ನಾಣ್ಯದ ಗೆರೆಗಳಷ್ಟು ಚೂಪಾಗಿದ್ದರೆ, ಅದು ಅಚ್ಚಿಗೆ ಹಾಕಿ ಒತ್ತಿದ ‘ಯೂನಿಯನ್ ಕೇಸ್’. ಹಲವರು ಇದನ್ನು ಗಟ್ಟಾಪರ್ಚಾ ಎಂಬ ಮರದ ಹಾಲಿನಿಂದ ಮಾಡಿದ್ದು ಎಂದು ಬರೆದು ಮಾರುತ್ತಾರೆ. ಆ ಮಾತು ತಪ್ಪು. ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿದ್ದ ಸ್ಯಾಮ್ಯುಯೆಲ್ ಪೆಕ್ 1854ರಲ್ಲಿ ಪೇಟೆಂಟ್ ಪಡೆದ ಈ ವಸ್ತುವಿನಲ್ಲಿರುವುದು ಅರಗು, ಮರದ ಹುಡಿ ಮತ್ತು ಬಣ್ಣ. ಕಾಯಿಸಿ ಮೆತ್ತಗಾದ ಮಿಶ್ರಣವನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿದರೆ ಕೂದಲೆಳೆಯಷ್ಟು ಸಣ್ಣ ವಿವರವೂ ಮೂಡುತ್ತಿತ್ತು.

ಆ ಅರಗು ನಮ್ಮ ನೆಲದ್ದು. ಮುತ್ತುಗ, ಬೋರೆ ಮೊದಲಾದ ಮರಗಳ ರೆಂಬೆಗಳಲ್ಲಿ ಅರಗಿನ ಕೀಟ ಕಟ್ಟುವ ಅಂಟನ್ನು ಕಿತ್ತು, ಶುದ್ಧಿ ಮಾಡಿ, ಕಲ್ಕತ್ತೆಯ ಬಂದರಿನಿಂದ ಹಡಗಿಗೆ ಹಾಕುತ್ತಿದ್ದರು. ಜಗತ್ತಿನ ಅರಗಿನ ಪೇಟೆಗೆ ಆಗ ಭಾರತವೇ ಮುಖ್ಯ ಆಸರೆ. ಚನ್ನಪಟ್ಟಣದ ಚರಕಿಯಲ್ಲಿ ತಿರುಗುವ ಆಲೆಮರದ ಗೊಂಬೆಗೆ ಬಣ್ಣ ಹಿಡಿಸುವುದೂ ಅರಗೇ. ಅಮೆರಿಕದ ಯಾರದೋ ಅಜ್ಜಿಯ ಫೋಟೊ ಕಾದಿಟ್ಟದ್ದು ಇಲ್ಲಿನ ಕಾಡಿನ ಸರಕು ಎಂಬುದನ್ನು ಕರಡಿಗೆಯ ಕತೆ ಹೇಳುವವರು ಬಿಟ್ಟೇಬಿಡುತ್ತಾರೆ. ಹೂಜಿಯ ಅರ್ಥಕ್ಕಿಂತ ನನಗೆ ಇದು ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಹೆಸರಿನ ‘ಯೂನಿಯನ್’ ನೋಡಿ ಅಮೆರಿಕದ ಅಂತರ್ಯುದ್ಧಕ್ಕೆ ಗಂಟು ಹಾಕಬೇಡಿ. ಅದು ಸೂಚಿಸುವುದು ಪದಾರ್ಥಗಳ ಕೂಡಿಕೆಯನ್ನು. ಪೇಟೆಂಟ್ ಬಂದು ಏಳು ವರ್ಷವಾದ ಮೇಲೆ, 1861ರಲ್ಲಿ ಯುದ್ಧ ಶುರುವಾಯಿತು.

ಹೆಸರು ಅಡಗಿರುವ ಜಾಗಗಳು

ತಯಾರಕರ ಚೀಟಿ ಸಾಮಾನ್ಯವಾಗಿ ಫೋಟೊದ ಹಿಂದೆ, ಕರಡಿಗೆಯ ತಳಕ್ಕೆ ಅಂಟಿರುತ್ತದೆ. ಪೆಕ್ ಅವರ ಹೆಸರು, ಮ್ಯಾಸಚುಸೆಟ್ಸ್‌ನ ಫ್ಲಾರೆನ್ಸ್‌ನಲ್ಲಿದ್ದ ಆಲ್ಫ್ರೆಡ್ ಕ್ರಿಚ್ಲೊ ಅವರ ಹೆಸರು, ಅವರ ನಂತರ ಬಂದ ಲಿಟಲ್‌ಫೀಲ್ಡ್, ಪಾರ್ಸನ್ಸ್ ಕಂಪನಿಯ ಹೆಸರು ಹೀಗೆ ಸಿಗುತ್ತವೆ. ಚೀಟಿಯಲ್ಲಿ ಪೇಟೆಂಟಿನ ತಾರೀಖೂ ಇರುವುದುಂಟು. ತಾರೀಖು 1856ರದಾದರೆ ಕರಡಿಗೆ ಅದಕ್ಕಿಂತ ಹಳೆಯದಲ್ಲ. ಹಾಗೆಂದು ಅದೇ ವರ್ಷದ್ದೂ ಆಗಿರಬೇಕಿಲ್ಲ. ಈ ಚೀಟಿ ನೋಡಲು ಫೋಟೊವನ್ನು ಹೊರಗೆಬ್ಬಿಸಬೇಕಾಗುತ್ತದೆ. ಚಾಕು, ಸೂಜಿ ಹಾಕಿ ಮೀಟುವ ಕೆಲಸಕ್ಕೆ ಕೈಹಾಕಲೇಬೇಡಿ. ಸಡಿಲವಾಗಿ ಕೂತಿದ್ದರೆ ಮಾತ್ರ, ಗಾಜಿಗೆ ಅಂಟುವ ಪುಟ್ಟ ರಬ್ಬರ್ ಬಟ್ಟಲಿನಿಂದ ಮೆಲ್ಲಗೆ ಎತ್ತಬಹುದು. ಬಿಗಿಯಾಗಿದ್ದರೆ ಬಿಟ್ಟುಬಿಡಿ, ಬಲ್ಲವರ ಕೈಗೆ ಕೊಡುವತನಕ ಚೀಟಿ ಎಲ್ಲಿಗೂ ಹೋಗುವುದಿಲ್ಲ.

ಮಖಮಲ್ ಮೆತ್ತೆಯ ಮೇಲೂ ಹೆಸರು ಒತ್ತಿರಬಹುದು. ಅದು ಕರಡಿಗೆ ಮಾಡಿದವರದಲ್ಲ, ಸ್ಟುಡಿಯೊದ್ದು. ನ್ಯೂಯಾರ್ಕ್‌ನ ಮ್ಯಾಥ್ಯೂ ಬ್ರೇಡಿಯವರ ಹೆಸರು ಹೀಗೆ ಒತ್ತಿದ ಮೆತ್ತೆಗಳಿವೆ. ಇನ್ನು ಯೂನಿಯನ್ ಕೇಸಿನ ಚಿತ್ರದ ಕೆಳ ಅಂಚನ್ನು ಟಾರ್ಚ್ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿ. ಬಂಡೆಯ ಬುಡದಲ್ಲೋ ಹುಲ್ಲಿನ ನಡುವೆಯೋ ಸಾಸಿವೆಗಾತ್ರದ ಅಕ್ಷರಗಳು ಕಂಡರೆ ಅದು ಅಚ್ಚು ಕೊರೆದವರ ರುಜು. ಫ್ರೆಡರಿಕ್ ಗೋಲ್, ಸ್ಮಿತ್ ಮತ್ತು ಹಾರ್ಟ್‌ಮನ್ ಅಂಥ ಹೆಸರುಗಳು. ಈ ಅಚ್ಚುಗಾರರ ಕೈಚಳಕವೇ ಕರಡಿಗೆಯ ನಿಜವಾದ ಕಲೆ. ಅವರನ್ನು ನೆನೆಯುವವರು ಕಡಿಮೆ.

ಚಿತ್ರದ ಮೂಲ ಹುಡುಕುವುದು

ಚಿತ್ತಾರದಲ್ಲಿ ಮನುಷ್ಯರಿದ್ದರೆ, ಅದು ಆ ಕಾಲದಲ್ಲಿ ಹೆಸರಾಗಿದ್ದ ಯಾವುದೋ ವರ್ಣಚಿತ್ರದ ಪಡಿಯಚ್ಚು ಆಗಿರುವ ಸಾಧ್ಯತೆಯೇ ಹೆಚ್ಚು. ಸಂತೆಯಲ್ಲಿ ಈ ಮಾದರಿ ಸಿಕ್ಕಿತು ಎಂದುಕೊಳ್ಳಿ: ಮಂಜುಗಡ್ಡೆ ತೇಲುವ ನದಿ, ದೋಣಿಯಲ್ಲಿ ಹುಟ್ಟುಹಾಕುವವರು, ಮುಂಭಾಗದಲ್ಲಿ ನೆಟ್ಟಗೆ ನಿಂತ ಒಬ್ಬ ಸೇನಾನಿ, ಹಿಂದೆ ಬಾವುಟ. 1776ರ ಡಿಸೆಂಬರ್ 25ರ ರಾತ್ರಿ ಜಾರ್ಜ್ ವಾಷಿಂಗ್ಟನ್ ಡೆಲವೇರ್ ನದಿ ದಾಟಿದ ಸಂದರ್ಭ ಇದು. ಎಮಾನ್ಯುಯೆಲ್ ಲಾಯ್ಟ್ಸೆ 1851ರಲ್ಲಿ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ಬರೆದು ಮುಗಿಸಿದ ಈ ಭಾರಿ ಚಿತ್ರ ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರ ಮುದ್ರಿತ ಪ್ರತಿಗಳು 1853ರಿಂದ ಮನೆಮನೆಯ ಗೋಡೆಗೆ ಬಂದವು. ಅಲ್ಲಿಂದ ಕರಡಿಗೆಯ ಮುಚ್ಚಳಕ್ಕೂ ಇಳಿದವು. ಬಾವುಟದ ವಿಷಯದಲ್ಲಿ ಕಲಾವಿದ ಕಾಲವನ್ನು ಹಿಂದುಮುಂದು ಮಾಡಿದ್ದಾರೆ: ನಕ್ಷತ್ರ, ಪಟ್ಟಿಗಳ ಆ ಬಾವುಟವನ್ನು ಅಂಗೀಕರಿಸಿದ್ದು 1777ರಲ್ಲಿ.

ಇದರಿಂದ ನಮಗೆ ಸಿಗುವುದು ಗಟ್ಟಿಯಾದ ಒಂದು ತಾಳೆ. ಚಿತ್ರ 1851ರದು, ಯೂನಿಯನ್ ಕೇಸ್ 1854ರ ನಂತರದ್ದು. ಇಂಥ ಕರಡಿಗೆಯಲ್ಲಿ ದಪ್ಪ ಅಷ್ಟಕೋನ ಚೌಕಟ್ಟಿನ, 1840ರ ದಶಕದ ಆರಂಭದ ಡಗೆರೊಟೈಪ್ ಇದ್ದರೆ ಫೋಟೊವನ್ನು ಆಮೇಲೆ ಬೇರೆ ಕಡೆಯಿಂದ ತಂದು ಕೂರಿಸಿದ್ದಾರೆ ಎಂದೇ ಅರ್ಥ. ಒಳಗಿರುವವರು ದೇಶಭಕ್ತ ಕುಟುಂಬದವರಾಗಿದ್ದರೇ ಎಂಬ ಪ್ರಶ್ನೆ ಅಲ್ಲಿಗೆ ಬಿದ್ದುಹೋಯಿತು.

ಹೀಗೇ ಗುರುತಿಸಬಹುದಾದ ಇನ್ನೂ ಕೆಲವು ದೃಶ್ಯಗಳಿವೆ. ಕೊಲಂಬಸ್ ದಡಕ್ಕಿಳಿಯುವ ದೃಶ್ಯದ ಮೂಲ ಜಾನ್ ವ್ಯಾಂಡರ್ಲಿನ್ ಅವರ ಚಿತ್ರ. ವಾಷಿಂಗ್ಟನ್‌ನ ಸಂಸತ್ ಭವನದ ಗುಮ್ಮಟದಡಿ ಅದನ್ನು ಕೂರಿಸಿದ್ದು 1847ರಲ್ಲಿ. ಅದರ ಕರಡಿಗೆ ಅತಿ ದೊಡ್ಡ ಅಳತೆಯದು, ಒಳಗಿನ ತಟ್ಟೆಯೇ 6.5 ಇಂಚು ಅಗಲ, 8.5 ಇಂಚು ಎತ್ತರ. ಸಾಮಾನ್ಯವಾಗಿ ಸಿಗುವ ತಟ್ಟೆಗಳಾದರೋ 2.75 ಇಂಚಿಗೆ 3.25 ಇಂಚು. ಒಬ್ಬನನ್ನು ಮೂವರು ತಡೆದು ನಿಲ್ಲಿಸಿದ ದೃಶ್ಯವಾದರೆ ಅದು 1780ರಲ್ಲಿ ಬ್ರಿಟಿಷ್ ಮೇಜರ್ ಆಂಡ್ರೆ ಸೆರೆಸಿಕ್ಕ ಪ್ರಸಂಗ, ಆಷರ್ ಡ್ಯುರಾಂಡ್ ಅವರ ಚಿತ್ರ ನೋಡಿ ಮಾಡಿದ್ದು. ಬಾವಿಯ ಬಳಿ ಕೊಡ ಹಿಡಿದ ಹೆಣ್ಣು ಬೈಬಲ್ಲಿನ ರೆಬೆಕ್ಕ.

ಸಂಗ್ರಾಹಕರ ಪಟ್ಟಿಯಲ್ಲಿ ‘ರಿನ್‌ಹಾರ್ಟ್’, ‘ಕ್ರೈನಿಕ್’, ‘ಬರ್ಗ್’ ಎಂಬ ಹೆಸರುಗಳ ಮುಂದೆ ಒಂದು ಅಂಕಿ ಇರುತ್ತದೆ. ಇವರು ಕರಡಿಗೆಗಳ ವಿನ್ಯಾಸಗಳನ್ನು ಕಲೆಹಾಕಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು ಪುಸ್ತಕ ಮಾಡಿದವರು. ರಿನ್‌ಹಾರ್ಟ್ ದಂಪತಿಯ ಪುಸ್ತಕ 1969ರದು, ಕ್ರೈನಿಕ್ ಅವರದು 1988ರದು. ಮಾರುವವರು ಸಂಖ್ಯೆ ಬರೆದಿದ್ದರೆ ಪುಸ್ತಕದ ಪುಟ ತೆರೆದು ಹೋಲಿಸಿ. ಅಂಚಿನ ಬಳ್ಳಿಯೊಂದು ಬೇರೆಯಾದರೂ ಸಂಖ್ಯೆ ಬೇರೆಯಾಗಬಹುದು.

ಈಗ ಚಿಹ್ನೆಯ ಅರ್ಥ

ಹೂಜಿಯಿಂದಲೇ ಶುರುಮಾಡೋಣ, ಅತಿ ಹೆಚ್ಚು ಸುಳ್ಳು ಹುಟ್ಟಿರುವುದು ಅದರ ಸುತ್ತಲೇ. ನ್ಯೂ ಇಂಗ್ಲೆಂಡಿನ ಹಳೆಯ ಗೋರಿಕಲ್ಲುಗಳ ಮೇಲೆ ಹೂಜಿ ಮತ್ತು ಅದರ ಮೇಲೆ ಬಾಗಿದ ವಿಲೋ ಮರ ಸಾವಿನ ದುಃಖದ ಗುರುತಾಗಿದ್ದುದು ನಿಜ. ಆದರೆ ಅದೇ ಹೂಜಿ ಗ್ರೀಕ್, ರೋಮನ್ ಮಾದರಿಯ ಅಲಂಕಾರವಾಗಿ ಕುರ್ಚಿ, ಗಡಿಯಾರ, ಗೋಡೆಕಾಗದಗಳ ಮೇಲೂ ಇತ್ತು. ಹೂಜಿಯಿಂದ ಹೂಗಳು ಉಕ್ಕಿ ಬರುತ್ತಿದ್ದರೆ ಅದು ಬರೀ ಹೂದಾನಿ. ಬಾಗಿದ ಮರ, ತಲೆತಗ್ಗಿಸಿ ನಿಂತ ಹೆಂಗಸು ಜೊತೆಗಿದ್ದರೆ ಮಾತ್ರ ಶೋಕದ ಮಾತೆತ್ತಬಹುದು. ಆಗಲೂ ಫೋಟೊ ಸತ್ತವರದು ಎಂದಾಗುವುದಿಲ್ಲ. ಮುಖ ಬಿಗಿದುಕೊಂಡ ಹಿರಿಯರನ್ನೂ ನಿದ್ದೆಹೋದ ಕೂಸುಗಳನ್ನೂ ‘ಶವದ ಫೋಟೊ’ ಎಂದು ಬೆಲೆ ಏರಿಸಿ ಮಾರುವುದು ಆ ಬಡಜೀವಗಳಿಗೆ ಮಾಡುವ ಅನ್ಯಾಯ. ಮಕ್ಕಳು ಅಲುಗಾಡದೆ ಕೂರುವುದು ಕಷ್ಟವಾಗಿದ್ದರಿಂದ ಮಲಗಿದಾಗ ತೆಗೆಸುವುದು ಸಹಜವಾಗಿತ್ತು.

ಲೈರ್ ಎಂಬ ಗ್ರೀಕ್ ತಂತಿವಾದ್ಯ ಸಂಗೀತ, ಕಾವ್ಯಗಳ ಗುರುತು; ಒಳಗಿನವರು ಹಾಡುಗಾರರು ಎಂಬುದಕ್ಕೆ ಪುರಾವೆಯಲ್ಲ. ಜೇನುಗೂಡು ದುಡಿಮೆಗೆ, ಗೋಧಿಯ ಸಿವುಡು ಸಮೃದ್ಧಿಗೆ, ಲಂಗರು ಕ್ರೈಸ್ತರ ಭರವಸೆಗೆ, ಓಕ್ ಎಲೆ ಮತ್ತು ಕಾಯಿ ಗಟ್ಟಿತನಕ್ಕೆ. ದ್ರಾಕ್ಷಿಗೆ ಚರ್ಚಿನ ಅರ್ಥವೂ ಉಂಟು, ಸುಗ್ಗಿಯ ಅರ್ಥವೂ ಉಂಟು. ಪಕ್ಕದಲ್ಲಿ ಬೇರೆ ಗುರುತಿಲ್ಲದಿದ್ದರೆ ಎರಡರಲ್ಲಿ ಒಂದನ್ನು ಆರಿಸಲು ಹೋಗಬೇಡಿ. ಕೋಲಿನ ತುದಿಯ ಮೆದು ಟೊಪ್ಪಿಗೆ ಸ್ವಾತಂತ್ರ್ಯದ ಚಿಹ್ನೆ. ಅದು ಫಿರಂಗಿ, ಗುರಾಣಿ, ಬಾವುಟಗಳ ಜೊತೆ ಬಂದು, ಒಳಗೆ ಸಮವಸ್ತ್ರದ ಯುವಕನ ಟಿನ್‌ಟೈಪ್ ಇದ್ದು, ಹಿತ್ತಾಳೆ ಚೌಕಟ್ಟಿನಲ್ಲೂ ಅವೇ ಗುರುತು ಒತ್ತಿದ್ದರೆ, ಆಗ 1861ರ ನಂತರದ ಯುದ್ಧಕಾಲ ಎನ್ನಲು ಧೈರ್ಯ ಬರುತ್ತದೆ. ಫೋಟೊದ ಹಿಂದೆ ತೆರಿಗೆಯ ಅಂಚೆಚೀಟಿಯಂಥ ಸ್ಟಾಂಪ್ ಇದ್ದರಂತೂ ಕಾಲ ಇನ್ನೂ ಖಚಿತ: ಫೋಟೊಗಳಿಗೆ ಆ ತೆರಿಗೆ ಇದ್ದದ್ದು 1864ರ ಸೆಪ್ಟೆಂಬರ್‌ನಿಂದ 1866ರ ಆಗಸ್ಟ್ 1ರವರೆಗೆ ಮಾತ್ರ.

ಫೋಟೊದ ಒಳಗೆ ಕೂತವರು ತಾವೇ ತೊಟ್ಟ, ಹಿಡಿದ ಗುರುತುಗಳ ತೂಕ ಬೇರೆ. ಮೇಸನ್ ಸಂಘದ ಏಪ್ರನ್, ಆಡ್‌ಫೆಲೋಸ್ ಸಂಘದ ಮೂರು ಕೊಂಡಿಯ ಸರಪಳಿ, ಬಡಗಿಯ ಉಳಿ, ಎದೆಗೆ ಸಿಕ್ಕಿಸಿಕೊಂಡ ಕೂದಲ ಬ್ರೋಚ್ ಇವೆಲ್ಲ ಅವರ ಸ್ವಂತದ್ದು. ಮೆತ್ತೆಯ ಹಿಂದೆ ಮಡಚಿಟ್ಟ ಕೂದಲ ಎಳೆ, ಹೆಸರು ಬರೆದ ಕಾಗದದ ಚೂರು ಸಿಕ್ಕರೆ ಮುಚ್ಚಳದ ನೂರು ಚಿಹ್ನೆಗಳಿಗಿಂತ ಅದು ದೊಡ್ಡ ಮಾತು.

ಜೋಡಿ ಸರಿಯಿದೆಯೇ?

ಮಖಮಲ್ ಮೆತ್ತೆಯನ್ನು ಓರೆ ಬೆಳಕಿನಲ್ಲಿ ನೋಡಿ. ಒಂದೂವರೆ ಶತಮಾನ ಮುಚ್ಚಿಟ್ಟ ಕರಡಿಗೆಯಲ್ಲಿ ಎದುರಿನ ಹಿತ್ತಾಳೆ ಅಂಚು ಬಟ್ಟೆಯ ಮೇಲೆ ತನ್ನ ಆಕಾರವನ್ನು ಒತ್ತಿಬಿಟ್ಟಿರುತ್ತದೆ. ಆ ಗುರುತು ಈಗಿರುವ ಅಂಚಿಗೆ ಕೂಡಿದರೆ ಫೋಟೊವೂ ಕರಡಿಗೆಯೂ ಬಹುಕಾಲ ಜೊತೆಗಿದ್ದವು ಎನ್ನಬಹುದು. ಕೂಡದಿದ್ದರೆ ಚಿಹ್ನೆಯನ್ನು ವ್ಯಕ್ತಿಗೆ ಅಂಟಿಸುವ ಯೋಚನೆಯನ್ನೇ ಬಿಡಿ.

ಕೊನೆಗೆ ಶುಚಿ ಮಾಡುವ ಮಾತು. ಮುಚ್ಚಳದ ಸಂದಿನ ದೂಳಿಗೆ ಒಣಗಿದ ಮೆದು ಕುಂಚ ಸಾಕು. ಸ್ಪಿರಿಟ್, ಸ್ಯಾನಿಟೈಸರ್ ಹತ್ತಿರಕ್ಕೂ ತರಬೇಡಿ: ಅರಗು ಮದ್ಯಸಾರದಲ್ಲಿ ಕರಗುತ್ತದೆ, ಒಂದೇ ಒರಸಿಗೆ ಚಿತ್ತಾರದ ಹೊಳಪು ಹೋಗುತ್ತದೆ. ಬಿಸಿಲಿನ ಕಿಟಕಿ, ಕಾರಿನ ಡ್ಯಾಶ್‌ಬೋರ್ಡ್ ಕೂಡ ಬೇಡ. ಗಾಜಿನಡಿಯ ತಟ್ಟೆಯನ್ನಂತೂ ಯಾವ ಕಾರಣಕ್ಕೂ ಒರೆಸಕೂಡದು. ಕಂಡದ್ದನ್ನೆಲ್ಲ ಬೇರೆ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ: ಅಳತೆ, ವಸ್ತು, ಚೀಟಿಯ ಒಕ್ಕಣೆ, ಚಿತ್ರದ ಮೂಲ, ಮೆತ್ತೆಯ ಗುರುತು. ಊಹೆಯನ್ನು ಬರೆಯುವುದಾದರೆ ಅದರ ಮುಂದೆ ‘ಊಹೆ’ ಎಂದೇ ಬರೆಯಿರಿ.