ರಾತ್ರಿ ಬೆರಳು ಜೋಮು ಹಿಡಿದರೆ

ಪ್ರಶ್ನೆ: ವಯಸ್ಸು 42, ಹೊಲಿಗೆ ಕೆಲಸ. ನಡುರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿದರೆ ಸರಿಹೋಗುತ್ತದೆ. ಪಾರ್ಶ್ವವಾಯುವೇ?

ಉತ್ತರ: ಹಾಗೆ ಕಾಣುವುದಿಲ್ಲ. ಜೋಮು ಯಾವ ಬೆರಳಿಗೆ ಎಂದು ಇವತ್ತೇ ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಬಂದು ಕಿರುಬೆರಳು ಸರಿಯಿದ್ದರೆ, ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಂಡಿರುವ ಸಾಧ್ಯತೆ ಹೆಚ್ಚು. ಕಿರುಬೆರಳಿಗೆ ಬೇರೆ ನರವಿದೆ. ಮಲಗುವಾಗ ಮಣಿಕಟ್ಟು ನೇರವಾಗಿರುವಂತೆ ಸ್ಪ್ಲಿಂಟ್ ಕಟ್ಟಿ, ಆರು ವಾರ ಬಿಡದೆ. ಕತ್ತರಿ ಹಿಡಿಯುವ ಕೈಗೆ ನಡುನಡುವೆ ಬಿಡುವು ಕೊಡಿ. ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬರೀ ವಿಟಮಿನ್ ಮಾತ್ರೆ ನುಂಗುತ್ತಾ ಕಾಯಬೇಡಿ. ಸೂಜಿಗೆ ದಾರ ಪೋಣಿಸುವುದು ಕಷ್ಟವಾದರೆ, ಹೆಬ್ಬೆರಳ ಬುಡದ ಮಾಂಸ ಇಳಿದರೆ ತಡಮಾಡದೆ ನರರೋಗ ತಜ್ಞರನ್ನು ಕಾಣಿ. ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕೈ ದಿಢೀರನೆ ಬಲ ಕಳೆದುಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.