ಸಣ್ಣ ಊರು, ಫುಲ್ ಬುಕಿಂಗ್: ಹೋಂಸ್ಟೇ ನಡೆಸುವವರಿಗೆ 9 ಸೂತ್ರಗಳು

“ನಮ್ಮೂರಿಗೆ ಯಾರು ಬರ್ತಾರೆ ಬಿಡಿ!” ತೀರ್ಥಹಳ್ಳಿ ಕಡೆ ತೋಟದ ಮನೆಗೆ ಎರಡು ರೂಮ್ ಸೇರಿಸಿ, ಬೋರ್ಡ್ ಹಾಕಿ ಕೂತವರ ಬಾಯಲ್ಲಿ ಈ ಮಾತು ಕೇಳಿದ್ದೇನೆ. ಮೊದಲು ಈ ಅಭ್ಯಾಸ ಬಿಡಿ. ಆಗುಂಬೆಗೆ, ಕುಪ್ಪಳಿಯ ಕವಿಮನೆಗೆ, ಕವಲೇದುರ್ಗದ ಕೋಟೆಗೆ ಜನ ಬರುತ್ತಲೇ ಇದ್ದಾರೆ. ರಾತ್ರಿ ಅವರು ಎಲ್ಲಿ ತಂಗುತ್ತಾರೆ ಅನ್ನೋದಷ್ಟೇ ಪ್ರಶ್ನೆ. ನಿಮ್ಮಲ್ಲೇ ತಂಗುವಂತೆ ಮಾಡಿ.

1. ರೆಸಾರ್ಟ್ ಜೊತೆ ಪೈಪೋಟಿ ಬೇಡ

ಸ್ವಿಮ್ಮಿಂಗ್ ಪೂಲ್ ಕೇಳುವವರು ನಿಮ್ಮ ಗಿರಾಕಿಗಳಲ್ಲ. ಅವರನ್ನು ಬಿಟ್ಟುಬಿಡಿ. ಜಗಲಿ, ಅಂಗಳ, ಹಂಡೆಯ ಬಿಸಿನೀರು, ಮನೆ ಹಿಂದಿನ ಅಡಿಕೆ ತೋಟ ಇವೇ ನಿಮ್ಮ ಬಂಡವಾಳ. ದಿನಾ ನೋಡಿ ನಿಮಗೆ ಸಪ್ಪೆ ಅನ್ನಿಸಿರಬಹುದು. ಅಪಾರ್ಟ್‌ಮೆಂಟಿನ ಏಳನೇ ಮಹಡಿಯಿಂದ ಬರುವವನಿಗೆ ಹಾಗನ್ನಿಸುವುದಿಲ್ಲ.

2. ತಿಂಡಿಯಲ್ಲೇ ಗೆಲ್ಲಿ

ಮಲೆನಾಡಿನ ಒಂದು ಮನೆಯಲ್ಲಿ ಉಳಿದಿದ್ದೆ. ಬೆಳಗ್ಗೆ ಟೇಬಲ್ ಮೇಲೆ ಬ್ರೆಡ್, ಜಾಮ್, ಕಾರ್ನ್‌ಫ್ಲೇಕ್ಸ್. ಒಳಗಿನಿಂದ ಕಡುಬಿನ ಘಮ ಬರುತ್ತಿತ್ತು! “ಅದು ನಮಗೆ ಮಾಡ್ಕೊಂಡಿದ್ದು, ನಿಮಗೆ ಸೇರುತ್ತೋ ಇಲ್ವೋ ಅಂತ...” ಅಂದರು ಮನೆಯವರು. ಕೇಳಿ ಹಾಕಿಸಿಕೊಂಡು ನಾಲ್ಕು ತಿಂದೆ. ಬ್ರೆಡ್ ಅಲ್ಲೇ ಉಳಿಯಿತು.

ಇಂಥ ಸಂಕೋಚ ನಿಮಗೆ ಬೇಡ. ನೀವು ತಿನ್ನುವುದನ್ನೇ ಬಿಸಿಯಾಗಿ ಬಡಿಸಿ. ಮೆನುವನ್ನು ಕಾಲಕ್ಕೆ ತಕ್ಕಂತೆ ಬದಲಿಸಿ: ಮಳೆಗಾಲಕ್ಕೆ ಪತ್ರೊಡೆ, ಕಳಲೆ ಪಲ್ಯ, ಬೇಸಿಗೆಗೆ ಹಲಸಿನ ಹಣ್ಣಿನ ಕಡುಬು, ಊಟಕ್ಕೆ ತಂಬುಳಿ, ವರ್ಷವಿಡೀ ಅಕ್ಕಿ ರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ. ಹಿಂದಿನ ರಾತ್ರಿಯೇ ಮೂರು ಪ್ರಶ್ನೆ ಕೇಳಿ. ಕಾಫಿ ಎಷ್ಟು ಹೊತ್ತಿಗೆ? ಖಾರ ಎಷ್ಟು? ಮಕ್ಕಳಿಗೆ ಏನು? ರೂಮಿನ ಟೈಲ್ಸ್ ಬಣ್ಣ ಯಾರಿಗೂ ನೆನಪಿರುವುದಿಲ್ಲ, ತಿಂಡಿ ನೆನಪಿರುತ್ತದೆ.

3. ಫೋಟೊ ಸರಿಯಾಗಿ ತೆಗೆಸಿ

ಮನೆ, ರೂಮುಗಳನ್ನು ಆನ್‌ಲೈನ್‌ನಲ್ಲಿ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಕಂಪನಿ ಆರಂಭದಲ್ಲಿ ಏಳದೆ ಒದ್ದಾಡುತ್ತಿತ್ತು. 2009ರಲ್ಲಿ ಅದರ ಸ್ಥಾಪಕರು ನ್ಯೂಯಾರ್ಕ್‌ಗೆ ಹೋಗಿ, ಬಾಡಿಗೆ ಕ್ಯಾಮೆರಾ ಹಿಡಿದು, ಮನೆಮನೆ ಸುತ್ತಿ ತಾವೇ ಫೋಟೊ ತೆಗೆದರು. ಅಲ್ಲಿನ ವಾರದ ಆದಾಯ ದುಪ್ಪಟ್ಟಾಯಿತು. ನೀವು ನ್ಯೂಯಾರ್ಕ್‌ಗೆ ಹೋಗಬೇಕಾಗಿಲ್ಲ. ಬೆಳಗ್ಗೆ ಕಿಟಕಿ ತೆರೆಯಿರಿ, ಹಾಸಿಗೆ ಸರಿಮಾಡಿ, ಹಗ್ಗದ ಮೇಲಿನ ಟವೆಲ್ ತೆಗೆಯಿರಿ, ಆಮೇಲೆ ಕ್ಲಿಕ್ ಮಾಡಿ. ಬಾತ್‌ರೂಮ್ ಫೋಟೊ ಕಡ್ಡಾಯ. ಅದು ಕಾಣದಿದ್ದರೆ ಏನೋ ಮುಚ್ಚಿಟ್ಟಿದ್ದಾರೆ ಅಂತಲೇ ಜನ ತಿಳಿಯುತ್ತಾರೆ.

4. ದಾರಿ ನೀವೇ ಹೇಳಿ

ಗೂಗಲ್‌ನಲ್ಲಿ ಬಿಸಿನೆಸ್ ಪ್ರೊಫೈಲ್ ತೆರೆಯಿರಿ. ಅದಕ್ಕೆ ಖರ್ಚಿಲ್ಲ. ಪಿನ್ ಸರಿಯಾಗಿ ನಿಮ್ಮ ಗೇಟಿನ ಮೇಲೇ ಇರಲಿ. ಆದರೆ ಮ್ಯಾಪನ್ನೇ ನಂಬಿ ಕೂರಬೇಡಿ. ನಮ್ಮ ಘಟ್ಟದಲ್ಲಿ ನೆಟ್‌ವರ್ಕ್ ಯಾವ ತಿರುವಿನಲ್ಲಿ ಕೈಕೊಡುತ್ತದೋ ಹೇಳಲಾಗದು. ಶಿವಮೊಗ್ಗ ಬಿಟ್ಟಮೇಲೆ ಎಲ್ಲಿ ತಿರುಗಬೇಕು, ಯಾವ ಅಂಗಡಿ ಸಿಗುತ್ತದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ. ಕೊನೆಯಲ್ಲಿ ಮಣ್ಣು ರಸ್ತೆಯಿದ್ದರೆ ಮೊದಲೇ ತಿಳಿಸಿ. ಕತ್ತಲಲ್ಲಿ ದಾರಿ ತಪ್ಪಿ ಬಂದ ಅತಿಥಿ ಒಳಗೆ ಕಾಲಿಡುವಾಗಲೇ ಸಿಟ್ಟಿನಲ್ಲಿರುತ್ತಾನೆ.

5. ಮಳೆಯನ್ನೇ ಮಾರಿ

ಇದು ನನ್ನ ಮೆಚ್ಚಿನ ಸೂತ್ರ. ಮಳೆಗಾಲ ಅಂದರೆ ಆಫ್ ಸೀಸನ್ ಅಂತ ಕೈಕಟ್ಟಿ ಕೂರಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ಅಂಥ ಮಳೆಯನ್ನು ಜಗಲಿಯಲ್ಲಿ ಕೂತು ನೋಡಲು ದುಡ್ಡು ಕೊಡುವವರಿದ್ದಾರೆ. ಛತ್ರಿ, ಬಟ್ಟೆ ಒಣಗಿಸಲು ಜಾಗ, ಕರೆಂಟ್ ಹೋದರೆ ಯುಪಿಎಸ್, ಕುಡಿಯಲು ಕಷಾಯ ರೆಡಿ ಇಡಿ. ಉಂಬಳ ಇಲ್ಲ ಅಂತ ಸುಳ್ಳು ಹೇಳಬೇಡಿ. “ಇವೆ, ಉಪ್ಪಿನ ಪೊಟ್ಟಣ ನಾವೇ ಕೊಡ್ತೀವಿ” ಅನ್ನಿ.

ಮಳೆ ನಿಂತಮೇಲೂ ವಿಷಯಕ್ಕೆ ಬರವಿಲ್ಲ. ಅಡಿಕೆ ಕೊಯ್ಲು, ಚಪ್ಪರದ ಕೆಳಗೆ ಅಡಿಕೆ ಸುಲಿಯುವುದು, ತುಂಗಾ ತೀರದ ಎಳ್ಳಮಾವಾಸ್ಯೆ ಜಾತ್ರೆ. ಇವುಗಳ ಕ್ಯಾಲೆಂಡರ್ ಮಾಡಿ ಒಂದು ತಿಂಗಳು ಮೊದಲೇ ಹಳೆಯ ಅತಿಥಿಗಳಿಗೆ ಕಳಿಸಿ.

6. ಕಮಿಷನ್ ಲೆಕ್ಕ ಹಾಕಿ

ರೂಮಿಗೆ 3,000 ರೂಪಾಯಿ, ಬುಕಿಂಗ್ ಆ್ಯಪ್‌ನ ಕಮಿಷನ್ ಶೇ 15 ಅಂತಿಟ್ಟುಕೊಳ್ಳಿ. ರಾತ್ರಿಗೆ 450 ರೂಪಾಯಿ ಹೋಯಿತು. ಮೊದಲ ಸಲ ಕೊಡಿ, ಅದು ಜಾಹೀರಾತಿನ ಖರ್ಚು. ಎರಡನೇ ಸಲ ಅವರು ನೇರವಾಗಿ ನಿಮಗೇ ಫೋನ್ ಮಾಡುವಂತೆ ನೋಡಿಕೊಳ್ಳಿ. ಹೊರಡುವಾಗ ಕೈಗೆ ಕಾರ್ಡ್ ಜೊತೆ ಒಂದು ಸಣ್ಣ ಬಾಟಲಿ ಉಪ್ಪಿನಕಾಯಿ ಕೊಡಿ. ಕಾರ್ಡ್ ಕಳೆದರೂ ಬಾಟಲಿ ಅಡುಗೆಮನೆಯಲ್ಲಿರುತ್ತದೆ. ನಿಮ್ಮ ನಂಬರ್ ಅದರ ಮೇಲೆ ಅಂಟಿಸಿ.

7. ಕಾಗದಪತ್ರ ಪಕ್ಕಾ ಇರಲಿ

ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ. ಕೇಂದ್ರ ಸರ್ಕಾರದ ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್ ಯೋಜನೆಯೂ ಇದೆ: 1ರಿಂದ 6 ರೂಮ್, ಮನೆಯವರು ಅಲ್ಲೇ ವಾಸವಿರಬೇಕು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಸಲ್ಲಿಸಿ. ಎಲ್ಲರ ಗುರುತಿನ ಚೀಟಿ ಪಡೆಯಿರಿ. ಒಂಟಿಯಾಗಿ ಬರುವ ಹೆಣ್ಣುಮಗಳು ಬುಕ್ ಮಾಡುವ ಮೊದಲು ನೋಡುವುದು ನಿಮ್ಮ ಮನೆ ನೋಂದಣಿಯಾಗಿದೆಯೇ ಅನ್ನುವುದನ್ನೇ.

8. ರಿವ್ಯೂ ಕೇಳಿ ಪಡೆಯಿರಿ

ಬ್ಯಾಗ್ ಕಾರಿಗೆ ಇಡುವಾಗಲೇ ಕೇಳಿ. ಬೆಂಗಳೂರು ಮುಟ್ಟಿದರೆ ಮರೆತರು. ಕೆಟ್ಟ ರಿವ್ಯೂ ಬಂದರೆ ಜಗಳಕ್ಕಿಳಿಯಬೇಡಿ. ತಪ್ಪು ಒಪ್ಪಿ, ಸರಿಪಡಿಸಿ, ಸರಿಪಡಿಸಿದ್ದನ್ನು ಅಲ್ಲೇ ಬರೆಯಿರಿ. ಮುಂದೆ ಬರುವವರು ಓದುವುದು ನಿಮ್ಮ ಉತ್ತರವನ್ನು.

9. ನಿಮ್ಮ ರೂಮಿನಲ್ಲಿ ನೀವೇ ಮಲಗಿ

ಬಹಳ ಜನ ಇದನ್ನು ಮಾಡುವುದೇ ಇಲ್ಲ. ಬುಕಿಂಗ್ ಇಲ್ಲದ ಒಂದು ರಾತ್ರಿ ದಿಂಬಿನ ಸಮೇತ ಅಲ್ಲಿಗೆ ಹೋಗಿ. ಫ್ಯಾನ್ ಕಿರುಗುಟ್ಟುತ್ತದೆಯೇ? ಚಾರ್ಜರ್ ಪಾಯಿಂಟ್ ಮಂಚದ ಹತ್ತಿರ ಇದೆಯೇ? ಗೀಸರ್ ಇದ್ದರೆ ಎಷ್ಟು ಹೊತ್ತಿಗೆ ನೀರು ಕಾಯುತ್ತದೆ? ಎಲ್ಲ ಬರೆದಿಟ್ಟುಕೊಳ್ಳಿ. ಬೆಳಗ್ಗೆ ಎದ್ದವರೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.